ನರದ ನೋವಿಗೆ ನ್ಯಾನೋ ಕಣ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸದಾಶಿವನಗರದ ನಮ್ಮ ಮನೆಯಲ್ಲಿ ಅವ್ವ ನಡುರಾತ್ರಿ ಎದ್ದು ಬಚ್ಚಲಿನ ತಣ್ಣನೆಯ ಕಲ್ಲಿನ ಮೇಲೆ ಪಾದವಿಟ್ಟು ಕೂಡುತ್ತಿದ್ದಳು. “ಅಂಗಾಲಿಗೆ ಕೆಂಡ ಇಟ್ಟಾಂಗ ಆಗ್ತದ” ಅನ್ನುತ್ತಿದ್ದಳು. ನೋಡಿದರೆ ಗಾಯವಿಲ್ಲ, ಬಾವಿಲ್ಲ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಕೆಡಿಸಿತ್ತು. ಪ್ರಿಗ್ಯಾಬಲಿನ್ ಗುಳಿಗೆಯಿಂದ ಉರಿಯೇನೋ ತಗ್ಗಿತು; ಆದರೆ ತಲೆ ಸುತ್ತಿ ಒಮ್ಮೆ ಅಡುಗೆಮನೆಯಲ್ಲಿ ಬಿದ್ದಳು. ನುಂಗಿದ ಗುಳಿಗೆ ಮೈಗೆಲ್ಲ ಹೋಗುತ್ತದೆ. ಬೇಕಾದ ಕಡೆಗಷ್ಟೇ ಕಳಿಸಲಾಗದೆ? ಔಷಧಶಾಸ್ತ್ರ ಓದಿದ ನನ್ನನ್ನು ಅಂದಿನಿಂದ ಈ ಪ್ರಶ್ನೆ ಬಿಟ್ಟಿಲ್ಲ.

ನೋವಿನ ಸುದ್ದಿ ಒಯ್ಯುವ ‘ಸಬ್‌ಸ್ಟೆನ್ಸ್ ಪಿ’ ಎಂಬ ವಸ್ತು ನರಕೋಶದ ಮೈಮೇಲಿನ ಗ್ರಾಹಕಕ್ಕೆ ಅಂಟುತ್ತದೆ. ಆ ಗ್ರಾಹಕವನ್ನು ತಡೆಯುವ ಅಪ್ರೆಪಿಟೆಂಟ್ ಎಂಬ ಔಷಧವಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ವಾಂತಿಗೆ 2003ರಿಂದ ಬಳಕೆಯಲ್ಲಿದೆ. ನೋವಿಗೆ ಮಾತ್ರ ಈ ಬಗೆಯ ಔಷಧಗಳು ಸೋತವು. ಕಾರಣ ಆಮೇಲೆ ತಿಳಿಯಿತು: ಸುದ್ದಿ ಮುಟ್ಟಿದೊಡನೆ ಗ್ರಾಹಕವು ಕೋಶದ ಒಳಗೆ ಸರಿದು, ಎಂಡೋಸೋಮ್ ಎಂಬ ಪುಟ್ಟ ಚೀಲದಲ್ಲಿ ಕುಳಿತು ಅಲ್ಲಿಂದಲೇ ನೋವನ್ನು ಸಾರುತ್ತಿರುತ್ತದೆ. ನಾವು ತಲಬಾಗಿಲಿಗೆ ಕೀಲಿ ಹಾಕಿ ನಿಂತಿದ್ದೆವು. ಕಳ್ಳ ಆಗಲೇ ನಡುಮನೆ ಸೇರಿದ್ದ.

2019ರಲ್ಲಿ ಆಸ್ಟ್ರೇಲಿಯಾ ಮತ್ತು ಅಮೆರಿಕದ ವಿಜ್ಞಾನಿಗಳು ಅದೇ ಔಷಧವನ್ನು ನ್ಯಾನೋ ಕಣಗಳಲ್ಲಿ ತುಂಬಿದರು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇಷ್ಟು ಸಣ್ಣ ಕಣವನ್ನು ಕೋಶವೇ ನುಂಗುತ್ತದೆ. ಎಂಡೋಸೋಮಿನ ಒಳಗೆ ಆಮ್ಲೀಯ ವಾತಾವರಣ. ನಮ್ಮ ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದ ಕೆಂಪಾಗುತ್ತಿತ್ತಲ್ಲ, ಅದೇ ಪಾಠ! ಆ ಹುಳಿಗೆ ಕಣ ಬಿಚ್ಚಿಕೊಂಡು ಮದ್ದು ಅಲ್ಲೇ ಬಿಡುಗಡೆಯಾಗುತ್ತದೆ. ಬೆನ್ನುಹುರಿಯ ಬಳಿ ಚುಚ್ಚಿದಾಗ ಇಲಿಗಳ ನೋವು, ನರನೋವು ಕೂಡ, ಬರಿಯ ಔಷಧಕ್ಕಿಂತ ಹೆಚ್ಚು ಹೊತ್ತು ತಗ್ಗಿತು. ಔಷಧ ಹಳೆಯದೇ, ತಲುಪಿದ ಜಾಗ ಹೊಸದು.

ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ. ಕಣ ಎಲ್ಲಿ ಉಳಿಯುತ್ತದೆ, ಯಕೃತ್ತಿಗೆ ಏನು ಮಾಡುತ್ತದೆ ಎಂಬುದನ್ನೆಲ್ಲ ಪರೀಕ್ಷಿಸಬೇಕು. ಹಾಗೆಂದು ಇದು ಬರೀ ಕನಸಲ್ಲ: ನರ ಕೆಡಿಸುವ ಒಂದು ಆನುವಂಶಿಕ ರೋಗಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪ್ಯಾಟಿಸಿರಾನ್ ಕೊಬ್ಬಿನ ನ್ಯಾನೋ ಕಣದಲ್ಲೇ ಮೈಸೇರುತ್ತದೆ. ಅದರ ಗುರಿ ನರವಲ್ಲ, ಯಕೃತ್ತು. ನರ ಕೆಡಿಸುವ ಪ್ರೋಟೀನ್ ತಯಾರಾಗುವುದು ಅಲ್ಲಿ. ಆದರೆ ‘ನ್ಯಾನೋ’ ಎಂದು ಬರೆದ ಎಣ್ಣೆಯ ಶೀಶೆಯನ್ನು ಸಂತೆಯಲ್ಲಿ ಯಾರಾದರೂ ಮಾರಿದರೆ ದಯವಿಟ್ಟು ಕೊಳ್ಳಬೇಡಿ. ನಾನೂ ಒಮ್ಮೆ ತಂದಿದ್ದೆ!

ವೈದ್ಯರು ಅವ್ವನ ಗುಳಿಗೆಯ ಪ್ರಮಾಣ ಇಳಿಸಿದ್ದಾರೆ. ದಿನಾ ಸಂಜೆ ಬ್ಯಾಟರಿ ಹಿಡಿದು ಅವಳ ಅಂಗಾಲು ನೋಡುತ್ತೇನೆ, ಗೊತ್ತಾಗದೆ ಗಾಯವಾಗಿರಬಾರದಲ್ಲ. ಆಗ ಅವಳು ಕೇಳುತ್ತಾಳೆ: “ನಿನ್ನ ಇಲಿಗೆ ಕಡಿಮಿ ಆತಲ್ಲೋ, ನನಗ್ಯಾವಾಗ?”