ಕೆಲಸದ ಲೆಕ್ಕವೂ ಇರಲಿ



ಲೇಖಕಿಯರ, ಸಮಾಜ ಸುಧಾರಕಿಯರ ಜೀವನಚರಿತ್ರೆಗಳಿಗೆಂದೇ ಮಾಡಿದ ಪ್ರದರ್ಶನವಿದು. ಆಗಲೇ ಒಂದು ಸುತ್ತು ಹಾಕಿ ಬಂದೆ. ನಂಜನಗೂಡು ತಿರುಮಲಾಂಬಾ ಅವರ ಮೇಜಿನ ಮುಂದೆ ಒಂದು ತಕರಾರು ಹುಟ್ಟಿತು. ಉದ್ಘಾಟಕರು ತಕರಾರು ತೆಗೆಯಬಾರದೆಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿಲ್ಲವಾದ್ದರಿಂದ ಹೇಳಿಬಿಡುತ್ತೇನೆ.

ಅವರ ಬಗ್ಗೆ ಮಾತೆತ್ತಿದರೆ ಮೊದಲು ಕೇಳಿಬರುವುದು ಹತ್ತನೆಯ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ ಎಂಬುದು. ನಿಜವೇ. ಆದರೆ ಅಲ್ಲಿಗೇ ‘ಅಯ್ಯೋ ಪಾಪ’ ಎಂದು ನಿಂತುಬಿಟ್ಟರೆ ತಿರುಮಲಾಂಬಾ ನಮಗೆ ಸಿಗುವುದಿಲ್ಲ. 1887ರಲ್ಲಿ ಹುಟ್ಟಿದ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದರು. ಅದರಲ್ಲಿ ‘ಸುಶೀಲೆ’ ಕಾದಂಬರಿ ಬಂತು. ಮುಂದೆ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿ’ ಪತ್ರಿಕೆಗಳು. ಲೇಖಕಿ, ಪ್ರಕಾಶಕಿ, ಸಂಪಾದಕಿ ಎಲ್ಲ ಅವರೇ. ಕಾಗದ ಎಲ್ಲಿಂದ ಬಂತು? ಅಚ್ಚಿನ ಖರ್ಚು ಹೇಗೆ ಹೊಂದಿತು? ಚಂದಾ ಬಾಕಿ ಉಳಿಸಿಕೊಂಡವರು ಎಷ್ಟು ಮಂದಿ? ಪ್ರಕಾಶಕರು ಗಂಡಸಾದರೆ ಇವನ್ನೆಲ್ಲ ಕೆದಕಿ ಬರೆಯುತ್ತೇವೆ. ಹೆಂಗಸಾದರೆ ತ್ಯಾಗ, ಸಹನೆ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ.

ಅವರ ಬರಹದಲ್ಲಿ ಪತಿವ್ರತಾ ಧರ್ಮದ ಉಪದೇಶ ಧಾರಾಳವಾಗಿದೆ. ಇಂದಿನವರಿಗೆ ರುಚಿಸದೆಂದು ಅದನ್ನು ಒರೆಸಿಹಾಕಬೇಡಿ. ಹೆಂಗಸರು ಓದಲೇಬೇಕೆಂಬ ಹಟ ಹಿಡಿದ ಕೈಯೇ ಆ ಉಪದೇಶವನ್ನೂ ಬರೆಯಿತು.

ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯವರದು ಬೇರೆ ಪಾಡು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿ, ತಾಯಿಯಿಂದ ಸಂಸ್ಕೃತ ಕಲಿತವರು. ಅವರ ಬಗ್ಗೆ ಬರೆದವರಲ್ಲಿ ಅನೇಕರು 1883ರ ಕ್ರೈಸ್ತ ಮತಾಂತರದ ಸುತ್ತಲೇ ಗಿರಕಿ ಹೊಡೆಯುತ್ತಾರೆ, ಹೊಗಳಲು ಇಲ್ಲವೇ ಬೈಯಲು. ಅಮೆರಿಕದಲ್ಲಿ ಊರೂರು ತಿರುಗಿ ಭಾಷಣ ಮಾಡಿ, ಹಣ ಕೂಡಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರಲ್ಲ, ಆ ಸಂಘಟನಾ ಚತುರತೆಯ ಬಗ್ಗೆ ಒಂದು ಅಧ್ಯಾಯವಾದರೂ ಬೇಡವೇ? ಇನ್ನು ಆರ್. ಕಲ್ಯಾಣಮ್ಮನವರು 1921ರಲ್ಲಿ ಆರಂಭಿಸಿದ ‘ಸರಸ್ವತಿ’ ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಪತ್ರಿಕೆ ನಡೆಸಿ ಸುಸ್ತಾದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ತಿರುಮಲಾಂಬಾ ತೀರಿಕೊಂಡದ್ದು 1982ರಲ್ಲಿ. ಬದುಕಿದ್ದಾಗಲೇ ಕನ್ನಡ ಅವರನ್ನು ಮರೆತಿತ್ತು. ಲೇಖಕಿ ಚಿ.ನ. ಮಂಗಳಾ ಅವರು ಪಟ್ಟು ಬಿಡದೆ ಹುಡುಕಿ, ಮದ್ರಾಸಿನಲ್ಲಿದ್ದ ಆ ವೃದ್ಧೆಯನ್ನು ಕಂಡರು. ಅಷ್ಟು ದೂರ ಹೋಗುವುದು ನಮ್ಮಿಂದ ಆಗದಿದ್ದರೆ ಬೇಡ, ಮನೆಯ ಅಟ್ಟವನ್ನಾದರೂ ಹತ್ತಬಹುದು. ‘ಕರ್ನಾಟಕ ನಂದಿನಿ’ಯದೋ ‘ಸರಸ್ವತಿ’ಯದೋ ಹಳೆಯ ಸಂಚಿಕೆ, ರಸೀದಿ, ಕಾಗದಪತ್ರ ಸಿಕ್ಕರೆ ರದ್ದಿಗೆ ಹಾಕಬೇಡಿ. ಬಾಗಿಲ ಬಳಿಯ ಮೇಜಿನಲ್ಲಿ ತಿಳಿಸಿ ಹೋಗಿ; ಸ್ಕ್ಯಾನ್ ಮಾಡಿಕೊಂಡು ನಿಮಗೇ ಹಿಂತಿರುಗಿಸುತ್ತಾರೆ. ಪ್ರದರ್ಶನ ತೆರೆದಿದೆ, ಒಳಗೆ ಬನ್ನಿ.