ಜುಡಿತ್ ಸ್ಕಾಟ್ ಸುತ್ತಿದ ನೂಲು

ಇವತ್ತು ನೂಲಿನಲ್ಲಿ ಶಿಲ್ಪ ಮಾಡಿದ ಒಬ್ಬ ಕಲಾವಿದೆಯ ಬಗ್ಗೆ ಮಾತಾಡುತ್ತೇನೆ. ಹೆಸರು ಜುಡಿತ್ ಸ್ಕಾಟ್.

ಹುಟ್ಟಿದ್ದು 1943ರಲ್ಲಿ, ಅಮೆರಿಕದ ಒಹಾಯೋ ರಾಜ್ಯದಲ್ಲಿ. ಜೊತೆಗೆ ಹುಟ್ಟಿದವಳು ಜಾಯ್ಸ್. ಅವಳಿಗಳಲ್ಲಿ ಜುಡಿತ್‌ಗೆ ಮಾತ್ರ ಡೌನ್ ಸಿಂಡ್ರೋಮ್ ಇತ್ತು. ಕೂಸಾಗಿದ್ದಾಗ ಸ್ಕಾರ್ಲೆಟ್ ಜ್ವರ ಬಂದು ಕಿವಿಯೂ ಹೋಯಿತು. ಅದು ಯಾರಿಗೂ ಗೊತ್ತಾಗಲಿಲ್ಲ, ನೋಡಿ! ಬಾಯಿಮಾತಿನಲ್ಲಿ ಪ್ರಶ್ನೆ ಕೇಳಿದರು, ಉತ್ತರ ಬರಲಿಲ್ಲ, ಈ ಮಗುವಿಗೆ ಏನೂ ಕಲಿಸಲಾಗದು ಎಂದು ತೀರ್ಮಾನಿಸಿಬಿಟ್ಟರು. 1950ರ ಅಕ್ಟೋಬರಿನ ಒಂದು ಬೆಳಗ್ಗೆ ಜಾಯ್ಸ್ ಕಣ್ಣುಬಿಟ್ಟಾಗ ಹಾಸಿಗೆಯಲ್ಲಿ ಪಕ್ಕದ ಜಾಗ ಖಾಲಿ. ಏಳು ವರ್ಷದ ಜುಡಿತ್‌ಳನ್ನು ಸರ್ಕಾರಿ ವಸತಿ ಸಂಸ್ಥೆಗೆ ಸೇರಿಸಿದ್ದರು. ಅಲ್ಲಿ ಒಮ್ಮೆ ಅವಳು ಕ್ರೇಯಾನ್ ಎತ್ತಿಕೊಂಡಾಗ, ಚಿತ್ರ ಬರೆಯುವಷ್ಟು ಬುದ್ಧಿ ಇವಳಿಗಿಲ್ಲ ಎಂದು ಕಿತ್ತುಕೊಂಡರಂತೆ.

ಇಂಥ ಸಂಸ್ಥೆಗಳಲ್ಲೇ 35 ವರ್ಷ ಕಳೆಯಿತು. ಇಲ್ಲಿಂದ ಮುಂದೆ ನಾನು ಬಹುವಚನ ಬಳಸುತ್ತೇನೆ. ಇಂಥವರಿಗೆ ನಲವತ್ತಾದರೂ ನಮ್ಮ ಬಾಯಲ್ಲಿ 'ಅವಳು', 'ಬಾ', 'ಹೋಗು' ಅಂತಲೇ ಬರುತ್ತದೆ. ಪ್ರೀತಿಯಿಂದಲೇ ಹಾಗೆ ಅಂತ ಹೇಳಿಕೊಳ್ಳುತ್ತೇವೆ. ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ.

ಇನ್ನು ಅವಳಿ ಸೋದರಿಯನ್ನು ಅಲ್ಲಿ ಬಿಡುವುದಿಲ್ಲ ಎಂದು 1985ರಲ್ಲಿ ಜಾಯ್ಸ್ ಗಟ್ಟಿ ಮನಸ್ಸು ಮಾಡಿದರು. ಕಾನೂನು ಪ್ರಕಾರ ಪೋಷಕಿಯಾಗಿ, ಮರುವರ್ಷ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಕರೆತಂದರು. ಆ ಪ್ರದೇಶವೇ ಹೋರಾಟದ ನೆಲ. 1977ರಲ್ಲಿ ಗಾಲಿಕುರ್ಚಿಯವರು, ಕಣ್ಣು ಕಾಣದವರು, ಕಿವಿ ಕೇಳದವರು ಸೇರಿ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕೂತಿದ್ದರು. ಅವರಂತೆ ಘೋಷಣೆ ಕೂಗುವುದು ಜುಡಿತ್‌ರಿಂದ ಆಗುತ್ತಿರಲಿಲ್ಲ. ಅವರ ಪರವಾಗಿ ಕಚೇರಿಗಳಿಗೆ ಅಲೆದು ಸಹಿ ಹಾಕಿದ್ದು ಜಾಯ್ಸ್. ಅದೂ ಹೋರಾಟವೇ ಅನ್ನುತ್ತೇನೆ ನಾನು.

ಓಕ್ಲೆಂಡಿನಲ್ಲಿ ಕ್ರಿಯೇಟಿವ್ ಗ್ರೋತ್ ಎಂಬ ಕಲಾಕೇಂದ್ರವಿದೆ. 1974ರಲ್ಲಿ ಕ್ಯಾಟ್ಜ್ ದಂಪತಿ ಅಂಗವಿಕಲ ಕಲಾವಿದರಿಗಾಗಿ ಶುರುಮಾಡಿದ್ದು. ಜುಡಿತ್ 1987ರಲ್ಲಿ ಅಲ್ಲಿಗೆ ಸೇರಿದರು. ಸುಮಾರು ಎರಡು ವರ್ಷ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಆದರೂ ಯಾರೂ ಕಳಿಸಿಬಿಡಲಿಲ್ಲ. ಒಂದು ದಿನ ಸಿಲ್ವಿಯಾ ಸೆವೆಂಟಿ ಎಂಬ ನೂಲಿನ ಕಲಾವಿದೆ ಪಾಠ ಮಾಡುತ್ತಿದ್ದರು. ಜುಡಿತ್ ನೋಡಿದರು, ಆದರೆ ಆ ಪಾಠದಂತೆ ಮಾಡಲಿಲ್ಲ. ಕೈಗೆ ಸಿಕ್ಕ ವಸ್ತುವಿಗೆ ನೂಲು ಸುತ್ತತೊಡಗಿದರು.

ಮುಂದಿನ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದೇ ಕೆಲಸ. ಛತ್ರಿ, ಫ್ಯಾನು, ಸೈಕಲ್ ಚಕ್ರ, ಕೊನೆಗೆ ಅಂಗಡಿಯ ತಳ್ಳುಗಾಡಿ ಕೂಡ. ಕೆಲವೊಮ್ಮೆ ಯಾರದೋ ವಸ್ತು ಕಾಣೆಯಾಗಿ ನೂಲಿನೊಳಗೆ ಸೇರಿರುತ್ತಿತ್ತು! ಬಣ್ಣಬಣ್ಣದ ಎಳೆ ಸುತ್ತಿ, ಹೆಣೆದು, ಗಂಟು ಹಾಕಿ, ಒಳಗೇನಿದೆಯೆಂದು ತಿಳಿಯದ ಹಾಗೆ ಮುಚ್ಚುತ್ತಿದ್ದರು. ಒಂದೊಂದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ. ನೂಲು ಸಿಗದಾಗ ಕೈ ಒರೆಸುವ ಕಾಗದವನ್ನೇ ಹೊಸೆದು, ಗಂಟು ಹಾಕಿ ಒಂದು ಇಡೀ ಶಿಲ್ಪ ಮಾಡಿದ್ದಾರೆ. ಅದು ಪೂರಾ ಬಿಳಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಹಳೇ ಸೀರೆಯ ತುಂಡಲ್ಲಿ ಕೌದಿ ಹೊಲಿದ ನಿಮ್ಮ ಅಜ್ಜಿಯರಿಗೆ ಇದನ್ನು ತೋರಿಸಿದರೆ ವಿವರಣೆ ಬೇಕಾಗಲಿಕ್ಕಿಲ್ಲ.

ಅವರು ತಮ್ಮ ಯಾವ ಕೃತಿಗೂ ಹೆಸರಿಡಲಿಲ್ಲ, ಅರ್ಥ ಹೇಳಲಿಲ್ಲ. ಎರಡು ಆಕಾರ ಜೋಡಿಯಾಗಿ ಕಂಡರೆ ಅವಳಿ ಸೋದರಿಯರು ಎನ್ನುವವರಿದ್ದಾರೆ. ಇರಬಹುದು. ಮಾತಾಡದವರ ಬಾಯಿಗೆ ನಾವು ಮಾತು ತುರುಕುವುದೂ ಸುಲಭ.

1999ರಲ್ಲಿ ಮೊದಲ ಪ್ರದರ್ಶನ. 2005ರಲ್ಲಿ ತೀರಿಕೊಂಡಾಗ 61 ವರ್ಷ. ಡೌನ್ ಸಿಂಡ್ರೋಮ್ ಇದ್ದವರು ಅಷ್ಟು ಬದುಕುವುದು ಆಗ ಅಪರೂಪ. 2014ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ಮಾಡಿತು. 2017ರಲ್ಲಿ ವೆನಿಸ್ ಬಿಯೆನಾಲೆಯಲ್ಲೂ ಅವರ ಕೃತಿಗಳಿದ್ದವು.

ನಮ್ಮ ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ಇಂಥ ಮಕ್ಕಳು ಬರುವುದು ಕಡಿಮೆ. ಬಂದರೆ ನಮ್ಮ ಹಿರಿಯರ ಬಾಯಿಂದ ಮೊದಲು ಬೀಳುವ ಪದ 'ಪಾಪ'. ನಾನೂ ಅಂದಿದ್ದೇನೆ. ಒಮ್ಮೆ ಹಾಗೆ ಅಂದಾಗ ಆ ಹುಡುಗನ ತಾಯಿ, "ಅವನಿಗೆ ಊಟ ಬಡಿಸೋದು ಇಷ್ಟ. ಒಂದು ಸೌಟು ಕೊಡ್ತೀರಾ?" ಅಂದರು. ಕೊಟ್ಟೆವು. ಅವತ್ತು ನಮ್ಮ ಸಾಲಿಗೆಲ್ಲ ಬಿಸಿಬೇಳೆಬಾತ್ ಬಡಿಸಿದ್ದು ಅವನೇ, ಒಬ್ಬರನ್ನೂ ಬಿಡದೆ.

ಕ್ರಿಯೇಟಿವ್ ಗ್ರೋತ್ ಓಕ್ಲೆಂಡಿನ 24ನೇ ಬೀದಿಯಲ್ಲಿದೆ. ಆ ಕಡೆ ಇರುವವರು ಹೋಗಿಬನ್ನಿ.