ಗಂಟೆ ತಿದ್ದಿದೆ, ಹೊತ್ತು ತಪ್ಪಿತು



ಹೇಮಗುಡ್ಡದ ಓಣಿಯಿಂದ ಈ ಶಾಲೆಯ ಗಂಟೆಗೆ ಓಡಿಬರುತ್ತಿದ್ದವನು ನಾನು. ಒಂದು ಬೇಸಿಗೆಯಲ್ಲಿ ಕೆಲಸಕ್ಕೆಂದು ನ್ಯೂಯಾರ್ಕಿಗೆ ಹೋದಾಗ, ಕಂಪ್ಯೂಟರಿನ ಕಾಲವಲಯ ಬದಲಿಸದೆ, ಗೋಡೆ ಗಡಿಯಾರದ ಮುಳ್ಳು ತಿರುವಿದಂತೆ ಗಂಟೆಯನ್ನಷ್ಟೇ ತಿದ್ದಿದೆ. ಅವ್ವನ ಆಪರೇಷನ್ನಿಗೆ ಮುಂಚೆ, ಇಲ್ಲಿಯ ಬೆಳಿಗ್ಗೆ 8ಕ್ಕೆ ಮಾತಾಡಲು ತಮ್ಮ ಕ್ಯಾಲೆಂಡರಿನಲ್ಲಿ ಕರೆ ಗೊತ್ತುಮಾಡಿದ್ದ. ನನ್ನ ಕಂಪ್ಯೂಟರ್ ಒಂಬತ್ತೂವರೆ ತಾಸು ತಡವಾಗಿ ನೆನಪಿಸಿತು. ಅಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಅವ್ವ ಗುಣವಾದಳು, ಆದರೆ, ‘ನಿನ್ನ ದಾರಿ ನೋಡಿದ್ನೆಪ್ಪಾ’ ಅಂದಳು.

ಕಂಪ್ಯೂಟರ್ ಒಳಗೆ ಲೆಕ್ಕವಿಡುವುದು ಜಗತ್ತಿಗೆಲ್ಲ ಒಂದೇ ಸಮಯ, ಯುಟಿಸಿ. ಭಾರತಕ್ಕೆ ಐದೂವರೆ ತಾಸು ಕೂಡಿಸಿ, ನ್ಯೂಯಾರ್ಕಿಗೆ ಬೇಸಿಗೆಯಲ್ಲಿ ನಾಲ್ಕು ತಾಸು ಕಳೆದು ತೋರಿಸುತ್ತದೆ. ಮಕ್ಕಳೇ, ನಾಳೆ ನೀವು ದೂರದೇಶಕ್ಕೆ ಹೋದರೆ ದಿನಾಂಕ-ಸಮಯದ ಸೆಟ್ಟಿಂಗ್ಸ್‌ನಲ್ಲಿ ಕಾಲವಲಯ ಬದಲಿಸಿ, ಗಂಟೆ ಮುಟ್ಟಬೇಡಿ. ಊರಲ್ಲಿ ದಾರಿ ನೋಡುವವರಿರುತ್ತಾರೆ.